ಏಜ್ ಆಫ್ ಎಂಪೈರ್ಸ್ 2: ರಿಪ್ಲೇ ಎಣಿಸಿದರೆ ಎಲ್ಲರ ಓಪನಿಂಗೂ ಬ್ಯಾರಕ್ಸ್ ಅಂತಲೇ ಬರುತ್ತಿದೆ

ಟಿಳಕವಾಡಿ ಸ್ಕೌಟ್, ಬೆಳಗಾವಿ
ನಾವು ನಾಲ್ಕು ಮಂದಿ ಗೆಳೆಯರು ಶನಿವಾರ ರಾತ್ರಿ ಈ ಕಂಪ್ಯೂಟರ್ ಯುದ್ಧದ ಆಟವನ್ನು ಒಬ್ಬರ ಎದುರು ಒಬ್ಬರು ಆಡುತ್ತೇವೆ. ಎರಡು ವರ್ಷದ ರಿಪ್ಲೇ ಫೈಲ್‌ಗಳನ್ನು, ಅಂದರೆ ಆಡಿದ ಆಟಗಳ ದಾಖಲೆಗಳನ್ನು, ಒಂದೂ ಬಿಡದೆ ಕೂಡಿಟ್ಟಿದ್ದೇನೆ. ಯಾರು ಹೇಗೆ ಆಟ ಶುರು ಮಾಡುತ್ತಾರೆ ಅಂತ ತಿಳಿಯುವ ಆಸೆ. ಪೈಥಾನ್‌ನಲ್ಲಿ ಈ ರಿಪ್ಲೇ ಓದುವ ಎಂಜಿಜೆಡ್ (mgz) ಲೈಬ್ರರಿಯಿಂದ ಫೈಲ್ ಓದಿಸಿ, ಸೈನ್ಯದ ಮೊದಲ ಕಟ್ಟಡ ಯಾವುದು ಅಂತ ಎಣಿಸಿದೆ. ಹೆಚ್ಚುಕಡಿಮೆ ಎಲ್ಲಾ ಕಡೆ ಕಾಲಾಳು ತಯಾರಾಗುವ ಬ್ಯಾರಕ್ಸ್! ಒಬ್ಬ ಗೆಳೆಯನಂತೂ ಪ್ರತಿ ವಾರ ಕುದುರೆ ಸ್ಕೌಟ್ ತಂದು ನನ್ನ ಕಟ್ಟಿಗೆ ಕಡಿಯುವವರನ್ನು ಅಟ್ಟಾಡಿಸುತ್ತಾನೆ. ಅವನೂ ಅದೇ ಪಟ್ಟಿಯಲ್ಲಿದ್ದಾನೆ. ಎಲ್ಲಿ ತಪ್ಪಿದೆ?

ಗುಮ್ಮಟದ ನೆರಳು, ವಿಜಯಪುರ
ಫೈಲ್ ಸರಿಯಾಗೇ ಓದಿದೆ ರೀ. ಕುದುರೆ ಸವಾರರ ಸ್ಟೇಬಲ್ ಆಗಲಿ, ಬಿಲ್ಲುಗಾರರ ಆರ್ಚರಿ ರೇಂಜ್ ಆಗಲಿ, ಕಟ್ಟಬೇಕೆಂದರೆ ಮೊದಲು ಬ್ಯಾರಕ್ಸ್ ಇರಲೇಬೇಕು. ಎರಡನೇ ಯುಗವಾದ ಫ್ಯೂಡಲ್ ಏಜ್‌ಗೆ ಏರಲು ಗುಂಡಿ ಒತ್ತಿದ ಮೇಲೆ 130 ಸೆಕೆಂಡ್ ಕಾಯಬೇಕಲ್ವಾ, ಸ್ಕೌಟ್ ಆಡುವವರೂ ಆ ಹೊತ್ತಿನಲ್ಲಿ 175 ಕಟ್ಟಿಗೆ ಹಾಕಿ ಬ್ಯಾರಕ್ಸ್ ಕಟ್ಟಿಬಿಡುತ್ತಾರೆ. ಅದರೊಳಗಿಂದ ಏನು ಹೊರಬಂತು ಅಂತ ನೋಡಿ. ಫ್ಯೂಡಲ್ ಒತ್ತುವ ಮೊದಲೇ ಮಿಲಿಷಿಯಾ (ಮೊದಲ ಯುಗದ ಕಾಲಾಳು) ಬಂದರೆ ಡ್ರಷ್, ಅಂದರೆ ಮೊದಲ ಯುಗದಲ್ಲೇ ದಾಳಿ. ಫ್ಯೂಡಲ್ ಮುಟ್ಟಿದ ಕೂಡಲೇ ಮಿಲಿಷಿಯಾವನ್ನು ಬಲಪಡಿಸುವ ಮ್ಯಾನ್-ಅಟ್-ಆರ್ಮ್ಸ್ ಅಪ್‌ಗ್ರೇಡ್ ಬಿದ್ದರೆ ಅದು ಬೇರೆ ಲೆಕ್ಕ. ಮಿಲಿಷಿಯಾ ಇಲ್ಲದೆ ಸ್ಟೇಬಲ್ ಎದ್ದರೆ ಸ್ಕೌಟ್. ಮ್ಯಾಪ್‌ಗಳನ್ನೂ ಕಲಸಬೇಡಿ. ಅರೀನಾ ಮ್ಯಾಪ್‌ನಲ್ಲಿ ಮೊದಲೇ ಸುತ್ತ ಗೋಡೆ ಇರುತ್ತದೆ, ಅಲ್ಲಿ ಫಾಸ್ಟ್ ಕ್ಯಾಸಲ್ (ಬೇಗನೆ ಮೂರನೇ ಯುಗಕ್ಕೆ ಏರುವುದು) ಜಾಸ್ತಿ.

ಇಳಕಲ್ ಸೆರಗು, ಬಾಗಲಕೋಟೆ ಜಿಲ್ಲೆ
ರಿಪ್ಲೇ ಫೈಲ್‌ನಲ್ಲಿ ಬರೀ ಆಟಗಾರ ಕೊಟ್ಟ ಆಜ್ಞೆಗಳಿರುತ್ತವೆ. ಆಮೇಲೆ ಏನಾಯಿತು ಅನ್ನುವುದನ್ನು ಗೇಮ್ ಮತ್ತೆ ಆಡಿಸಿಯೇ ತೋರಿಸಬೇಕು. ಪಾಯ ಇಟ್ಟು ಅಳಿಸಿದ ಬ್ಯಾರಕ್ಸ್, ಕ್ಯೂ ಹಾಕಿ ರದ್ದು ಮಾಡಿದ ಮಿಲಿಷಿಯಾ, ಎಲ್ಲವೂ ನಿಮ್ಮ ಎಣಿಕೆಗೆ ಸೇರಿಬಿಡುತ್ತವೆ. ನಾನು ಈಚಿನ ಹತ್ತು ಆಟ ಗೇಮ್‌ನಲ್ಲೇ ಹಾಕಿ, ಕಣ್ಣಾರೆ ನೋಡಿ, ಪಟ್ಟಿ ತಿದ್ದಿದ್ದೆ. ಹೊತ್ತು ಹಿಡಿಯುತ್ತದೆ, ಆದರೂ ಮಾಡಿ.

ದ್ರಾವಿಡಿಯನ್ಸ್ ಆಡುವವರಿದ್ದರೆ ಬೇರೆ ಇಡಿ. 2022ರಲ್ಲಿ ಬಂದ ಆ ನಾಗರಿಕತೆಗೆ ಏಜ್ ಏರಿದಾಗೆಲ್ಲ 200 ಕಟ್ಟಿಗೆ ಪುಕ್ಕಟೆ ಸಿಗುತ್ತದೆ. ರೇಂಜ್ ಬೇಗ ಏಳುವುದು ಅದರಿಂದ. ಆಟಗಾರನ ಕೈ ಚುರುಕು ಅಂತ ಸುಮ್ನೆ ಬರೆದುಕೊಂಡುಬಿಡುತ್ತೀರಿ.

ಟಿಳಕವಾಡಿ ಸ್ಕೌಟ್, ಬೆಳಗಾವಿ
ಇಬ್ಬರಿಗೂ ಧನ್ಯವಾದ ರೀ. ರಾತ್ರಿ ಕೂತು ಮತ್ತೆ ಎಣಿಸಿದೆ. ಆ ಗೆಳೆಯನ ಬ್ಯಾರಕ್ಸ್‌ನಿಂದ ಒಂದೂ ಮಿಲಿಷಿಯಾ ಬಂದಿಲ್ಲ. ಆದರೆ ನಾನು ಎಣಿಸಿರದ ಒಂದು ಸಂಗತಿ ಸಿಕ್ಕಿತು. ಅವನು ಸ್ಕೌಟ್ ತರುವುದು ನನ್ನ ಎದುರು ಮಾತ್ರ. ಉಳಿದಿಬ್ಬರ ಎದುರು ಆರ್ಚರಿ ರೇಂಜ್! ಕುದುರೆ ಸವಾರರನ್ನು ತಡೆಯುವ ಈಟಿಗಾರ ಸ್ಪಿಯರ್‌ಮನ್‌ನನ್ನು ನಾನು ತಡವಾಗಿ ತೆಗೆಯುತ್ತೇನೆ ಅಂತ ಗಮನಿಸಿರಬೇಕು. ಈಗ ನನ್ನ ಮೊದಲ ಸ್ಪಿಯರ್‌ಮನ್ ಎಷ್ಟನೇ ನಿಮಿಷಕ್ಕೆ ಬರುತ್ತಾನೆ ಅಂತ ಪ್ರತಿ ಫೈಲ್‌ನಲ್ಲೂ ಹುಡುಕುತ್ತಿದ್ದೇನೆ. ಶನಿವಾರದೊಳಗೆ ಮುಗಿಸಬೇಕು.