ಸೂರ್ಯನ ಬಗ್ಗೆ ಕೇಳಿ: 6ರಿಂದ 8ನೇ ತರಗತಿ ಮಕ್ಕಳಿಗಾಗಿ ಪ್ರಶ್ನೋತ್ತರ

ಅಡ್ಮಿನ್: ಸೂರ್ಯನ ಅಧ್ಯಯನ ಮಾಡುವ ವಿಜ್ಞಾನಿ ಮೇಡಂ ಇವತ್ತು ಗುಂಪಿನಲ್ಲಿದ್ದಾರೆ. ಮಕ್ಕಳ ಪ್ರಶ್ನೆಗಳನ್ನು ಹಾಕಿ. ಫಾರ್ವರ್ಡ್ ಬೇಡ.

ಏಳನೇ ತರಗತಿ ಹುಡುಗಿಯ ಅಮ್ಮ: ನಮಸ್ತೆ ಮೇಡಂ. ಆಮ್ಲಜನಕವೇ ಇಲ್ಲದ ಕಡೆ ಸೂರ್ಯ ಹೇಗೆ ಉರಿಯುತ್ತಾನೆ ಅಂತ ಮಗಳು ಕೇಳ್ತಾಳೆ.

ವಿಜ್ಞಾನಿ: ನಮಸ್ತೆ. ಒಳ್ಳೆಯ ಪ್ರಶ್ನೆ. ಸೂರ್ಯ ಉರಿಯುತ್ತಿಲ್ಲ. ತಿರುಳಿನಲ್ಲಿ ಹೈಡ್ರೋಜನ್ ಪರಮಾಣುಗಳ ಬೀಜಗಳು (ನ್ಯೂಕ್ಲಿಯಸ್) ಬೆಸೆದು ಹೀಲಿಯಂ ಆಗುತ್ತವೆ. ಅದಕ್ಕೆ ಆಮ್ಲಜನಕ ಬೇಕಿಲ್ಲ. ಸೆಕೆಂಡಿಗೆ ಸುಮಾರು 60 ಕೋಟಿ ಟನ್ ಹೈಡ್ರೋಜನ್ ಹೀಗೆ ಬದಲಾಗುತ್ತದೆ. ಅದರಲ್ಲಿ 40 ಲಕ್ಷ ಟನ್ನಿನಷ್ಟು ದ್ರವ್ಯರಾಶಿ ಶಕ್ತಿಯಾಗುತ್ತದೆ.

ಟ್ಯೂಷನ್ ಟೀಚರ್: ಪದರಗಳನ್ನು ಹೇಗೆ ಬರೆಸಲಿ ಮೇಡಂ?

ವಿಜ್ಞಾನಿ: ಒಳಗಿನಿಂದ ಹೊರಕ್ಕೆ ತಿರುಳು, ವಿಕಿರಣ ವಲಯ, ಸಂವಹನ ವಲಯ, ದ್ಯುತಿಗೋಳ (ನಮಗೆ ಕಾಣುವ ಮೇಲ್ಮೈ), ವರ್ಣಗೋಳ, ಕರೋನಾ (ಎಲ್ಲಕ್ಕಿಂತ ಹೊರಗಿನ ವಾತಾವರಣ). ತಿರುಳು ಸುಮಾರು 1.5 ಕೋಟಿ ಡಿಗ್ರಿ ಸೆಲ್ಸಿಯಸ್, ದ್ಯುತಿಗೋಳ 5,500. ಚಿತ್ರದಲ್ಲಿ ದ್ಯುತಿಗೋಳಕ್ಕೆ ದಪ್ಪ ಪಟ್ಟಿ ಬರೆಸಬೇಡಿ. ಸೂರ್ಯನ ಅಡ್ಡಳತೆ ಸುಮಾರು 14 ಲಕ್ಷ ಕಿ.ಮೀ., ದ್ಯುತಿಗೋಳದ ದಪ್ಪ ಕೆಲವೇ ನೂರು ಕಿ.ಮೀ. ಪೆನ್ಸಿಲ್ ಗೆರೆಯೇ ಜಾಸ್ತಿ.

ಎಂಟನೇ ತರಗತಿ ಹುಡುಗ, ಅಕ್ಕನ ಫೋನಿನಿಂದ: ಮೇಡಂ, ಹೊರಗೆ ಬಂದ ಹಾಗೆ ತಣ್ಣಗಾಗಬೇಕು ಅಲ್ವಾ? ಕರೋನಾ 10 ಲಕ್ಷ ಡಿಗ್ರಿಗಿಂತ ಜಾಸ್ತಿ ಅಂತ ಪುಸ್ತಕದಲ್ಲಿದೆ. ಪ್ರಿಂಟ್ ತಪ್ಪಾ?

ವಿಜ್ಞಾನಿ: ತಪ್ಪಲ್ಲ ಪುಟ್ಟ. ನಾವೆಲ್ಲ ಇನ್ನೂ ತಲೆ ಕೆಡಿಸಿಕೊಂಡಿರುವ ಪ್ರಶ್ನೆಯನ್ನೇ ಕೇಳಿದ್ದೀಯ. 1869ರ ಪೂರ್ಣ ಸೂರ್ಯಗ್ರಹಣದಲ್ಲಿ ಕರೋನಾದ ಬೆಳಕನ್ನು ಬಣ್ಣಗಳಾಗಿ ಬಿಡಿಸಿ ನೋಡಿದರು. ಒಂದು ಹಸಿರು ಗೆರೆ ಕಂಡಿತು. ಆಗ ಗೊತ್ತಿದ್ದ ಯಾವ ಧಾತುವಿಗೂ ಅದು ಹೊಂದಲಿಲ್ಲ. ಹೊಸ ಧಾತು ಇರಬೇಕು ಅಂದುಕೊಂಡು ಕರೋನಿಯಂ ಅಂತ ಹೆಸರೂ ಇಟ್ಟರು. ಸುಮಾರು 70 ವರ್ಷ ಕಳೆದ ಮೇಲೆ ಗ್ರೋಟ್ರಿಯಾನ್ ಮತ್ತು ಎಡ್ಲೆನ್ ಎಂಬ ವಿಜ್ಞಾನಿಗಳ ಕೆಲಸದಿಂದ ಗುಟ್ಟು ಬಯಲಾಯಿತು. ಅದು ನಮ್ಮ ಕಬ್ಬಿಣವೇ! 26 ಎಲೆಕ್ಟ್ರಾನ್‌ಗಳಲ್ಲಿ 13 ಕಳಚಿಹೋದ ಕಬ್ಬಿಣ. ಅಷ್ಟು ಕಳಚಬೇಕಾದರೆ ಹತ್ತಿಪ್ಪತ್ತು ಲಕ್ಷ ಡಿಗ್ರಿ ಬೇಕೇ ಬೇಕು.

ನಿನ್ನ ಅನುಮಾನ ಸರಿ. ಶಾಖ ತಾನಾಗಿ ತಂಪು ಕಡೆಯಿಂದ ಬಿಸಿ ಕಡೆಗೆ ಹರಿಯುವುದಿಲ್ಲ. ಶಕ್ತಿ ಬೇರೆ ದಾರಿ ಹಿಡಿದು ಮೇಲೆ ಹೋಗಿರಬೇಕು. ಆ ದಾರಿ ಕಾಂತಕ್ಷೇತ್ರ. ಕೆಳಗಿನ ಸಂವಹನ ವಲಯದ ಕುದಿತ ಕಾಂತರೇಖೆಗಳನ್ನು ಅಲುಗಾಡಿಸಿ ತಿರುಚುತ್ತದೆ. ಅವುಗಳಗುಂಟ ಅಲೆಗಳು ಮೇಲೇರುತ್ತವೆ. ತಿರುಚಿದ ರೇಖೆಗಳು ಹರಿದು ಮತ್ತೆ ಕೂಡಿಕೊಂಡಾಗಲೂ ಶಕ್ತಿ ಸಿಡಿಯುತ್ತದೆ. ಯಾವುದರ ಪಾಲು ಎಷ್ಟು ಅನ್ನುವುದು ಇನ್ನೂ ತೀರ್ಮಾನವಾಗಿಲ್ಲ. 2018ರಲ್ಲಿ ಹೊರಟ ನಾಸಾದ ಪಾರ್ಕರ್ ನೌಕೆ 2024ರ ಡಿಸೆಂಬರಿನಲ್ಲಿ ಸೂರ್ಯನ ಮೇಲ್ಮೈಯಿಂದ ಸುಮಾರು 61 ಲಕ್ಷ ಕಿ.ಮೀ. ದೂರಕ್ಕೆ ಹೋಗಿ ಬಂತು. ಕರೋನಾದೊಳಗೇ! ಕರಗಲಿಲ್ಲ. ಯಾಕೆಂದರೆ ಅಲ್ಲಿ ಕಣಗಳು ಬಹಳ ವಿರಳ. ಒಂದೊಂದು ಕಣದ ವೇಗ ಭಯಂಕರ, ಆದರೆ ತಾಗುವ ಕಣಗಳೇ ಕಡಿಮೆ. ತಾಪಮಾನ ಬೇರೆ, ಶಾಖದ ಮೊತ್ತ ಬೇರೆ.

ಸದಸ್ಯ 1: ಸೂರ್ಯ ಬೆಂಕಿಯ ಉಂಡೆನಾ ಮೇಡಂ?

ವಿಜ್ಞಾನಿ: ಅಲ್ಲ. ಮೊದಲ ಉತ್ತರ ಓದಿ.

ಸದಸ್ಯ 2: ಫಾರ್ವರ್ಡ್ ಬಂದಿದೆ. ಭೂಮಿ ಸೂರ್ಯನಿಂದ ದೂರ ಹೋಗುತ್ತಿದೆ, ಆಗಸ್ಟ್‌ವರೆಗೆ ಚಳಿ, ಜ್ವರ ಬರುತ್ತದಂತೆ.

ವಿಜ್ಞಾನಿ: ಸುಳ್ಳು. ಜನವರಿಯಲ್ಲಿ ಸುಮಾರು 14.7 ಕೋಟಿ ಕಿ.ಮೀ., ಜುಲೈನಲ್ಲಿ 15.2 ಕೋಟಿ. ಪ್ರತಿ ವರ್ಷವೂ ಹೀಗೇ. ಋತುಗಳು ಭೂಮಿಯ ವಾಲಿಕೆಯಿಂದ ಆಗುತ್ತವೆ.

ಸದಸ್ಯ 3: ಸೌರ ಬಿರುಗಾಳಿಗೆ ಮೊಬೈಲ್ ಕೆಡುತ್ತಾ?

ಒಬ್ಬ ಹುಡುಗನ ಅಪ್ಪ: ಮೇಡಂ, ನಿನ್ನೆ ಮಗ ಸೂರ್ಯನ ಕಲೆ ನೋಡ್ತೀನಿ ಅಂತ ಎಕ್ಸ್‌ರೇ ಫಿಲ್ಮ್ ಹಿಡಿದು ಎರಡು ಮೂರು ನಿಮಿಷ ನೋಡಿದ್ದಾನೆ. ಇವತ್ತು ಓದುವಾಗ ನಡುವಿನ ಅಕ್ಷರ ಕಾಣಲ್ಲ ಅಂತಾನೆ. ನೋವೇನಿಲ್ಲ. ಬೆಳಗಿನ ಸೂರ್ಯನನ್ನು ದಿಟ್ಟಿಸಿದರೆ ದೃಷ್ಟಿ ಸರಿಹೋಗುತ್ತೆ ಅಂತ ಫಾರ್ವರ್ಡ್ ಇದೆ. ಮಾಡಿಸಲಾ?

ವಿಜ್ಞಾನಿ: ಬೇಡ! ದಯವಿಟ್ಟು ಬೇಡ. ಇವತ್ತೇ, ಈಗಲೇ ಕಣ್ಣಿನ ಡಾಕ್ಟರ್ ಹತ್ತಿರ ಕರೆದುಕೊಂಡು ಹೋಗಿ. ನೋವಿಲ್ಲ ಅಂತ ಸಮಾಧಾನ ಪಡಬೇಡಿ. ಅಕ್ಷಿಪಟಕ್ಕೆ (ಕಣ್ಣಿನೊಳಗೆ ಹಿಂದೆ ಇರುವ, ಬಿಂಬ ಬೀಳುವ ಪರದೆ) ನೋವು ಗೊತ್ತಾಗುವುದೇ ಇಲ್ಲ. ಪೆಟ್ಟು ಬಿದ್ದು ಕೆಲವು ಗಂಟೆಗಳಾದ ಮೇಲೆ ನಡುವೆ ಮಸುಕು ಕಾಣುತ್ತದೆ. ಎಕ್ಸ್‌ರೇ ಫಿಲ್ಮ್ ಕಪ್ಪಗಿದ್ದರೂ ಕಣ್ಣಿಗೆ ಕಾಣದ ಅವಗೆಂಪು ಕಿರಣಗಳನ್ನು ಒಳಗೆ ಬಿಡುತ್ತದೆ. ಕತ್ತಲೆ ಅಂತ ಪಾಪೆ ಬೇರೆ ಅಗಲವಾಗುತ್ತದೆ. ಎಷ್ಟೋ ಜನರಿಗೆ ವಾರಗಳಲ್ಲಿ, ತಿಂಗಳುಗಳಲ್ಲಿ ದೃಷ್ಟಿ ಸುಧಾರಿಸುತ್ತದೆ. ಎಲ್ಲರಿಗೂ ಪೂರ್ತಿ ಬರುವುದಿಲ್ಲ. ತಡ ಮಾಡಬೇಡಿ.

ಸದಸ್ಯ 4: ಸುಮ್ನೆ ಹೆದರಿಸಬೇಡಿ. ನಾವು ಚಿಕ್ಕಂದಿನಲ್ಲಿ ಫಿಲ್ಮಿನಲ್ಲೇ ನೋಡಿದ್ದು. ಏನೂ ಆಗಿಲ್ಲ.

ಟ್ಯೂಷನ್ ಟೀಚರ್: ನಿಮಗೆ ಆಗಲಿಲ್ಲ ಅಂತ ಆ ಹುಡುಗನ ಕಣ್ಣು ಪಣಕ್ಕಿಡಬೇಕಾ?

ಸದಸ್ಯ 4: ನೀವು ಪಾಠ ಹೇಳುವುದು ಮಕ್ಕಳಿಗೆ. ನನಗಲ್ಲ.

ಟ್ಯೂಷನ್ ಟೀಚರ್: ಹೇಳಲೇಬೇಕಾಗಿದೆ ಅನಿಸುತ್ತಿದೆ.

ಸದಸ್ಯ 1: ಕೂಲಿಂಗ್ ಗ್ಲಾಸ್ ಎರಡು ಹಾಕಿಕೊಂಡರೆ?

ವಿಜ್ಞಾನಿ: ಆಗಲ್ಲ. ಸಿಡಿ, ಮಸಿ ಹಚ್ಚಿದ ಗಾಜು, ಯಾವುದೂ ಆಗಲ್ಲ. ಐಎಸ್ಒ 12312-2 ಗುಣಮಟ್ಟದ ಸೌರ ಕನ್ನಡಕ ಇದ್ದರೆ ಸರಿ. ಇಲ್ಲದಿದ್ದರೆ ರಟ್ಟಿಗೆ ಸೂಜಿ ತೂತು ಮಾಡಿ, ಸೂರ್ಯನಿಗೆ ಬೆನ್ನು ಹಾಕಿ, ಬಿಳಿ ಹಾಳೆಯ ಮೇಲೆ ಬಿಂಬ ನೋಡಿ.

ಸದಸ್ಯ 2: ದಿಟ್ಟಿಸಿ ನೋಡಿ ಕನ್ನಡಕ ಬಿಟ್ಟವರ ವಿಡಿಯೊ ಹಾಕಲಾ?

ವಿಜ್ಞಾನಿ: ಹಾಕಬೇಡಿ. ಅಡ್ಮಿನ್, ಇದನ್ನು ತಡೆಯಿರಿ. ಮಕ್ಕಳು ಓದುತ್ತಿದ್ದಾರೆ.

ಸದಸ್ಯ 4: ವಿಜ್ಞಾನಿಗಳಿಗೆ ಬೇರೆಯವರ ಅನುಭವ ಅಂದರೆ ಆಗಲ್ಲ.

ವಿಜ್ಞಾನಿ: ನಿಮಗೆ ಇನ್ನು ಉತ್ತರ ಕೊಡುವುದಿಲ್ಲ. ಆ ಹುಡುಗನ ಅಪ್ಪ ಇದ್ದಾರಾ? ಹೊರಟಿರಾ?

ಒಬ್ಬ ಹುಡುಗನ ಅಪ್ಪ: ಹೊರಟಿದ್ದೇವೆ ಮೇಡಂ.

ವಿಜ್ಞಾನಿ: ಎಷ್ಟು ಹೊತ್ತು ನೋಡಿದ, ಎಂಥ ಫಿಲ್ಮ್ ಅಂತ ಡಾಕ್ಟರಿಗೆ ಸರಿಯಾಗಿ ಹೇಳಿ. ಬೈನಾಕ್ಯುಲರ್ ಹಿಡಿದಿದ್ದನಾ ಕೇಳಿ. ಬೈಯಬೇಡಿ, ಬೈದರೆ ಮುಚ್ಚಿಡುತ್ತಾನೆ.