ಸಹಾಯ ಬೇಕು: ನಿಕಲ್ ಹೊಳೀತದ, ಆದ್ರ ಬಗ್ಗಿಸಿದ್ರ ಸಿಪ್ಪಿ ಏಳ್ತದ

ಎಲ್ಲರಿಗೂ ಶರಣ್ರಿ. ಕಲಬುರಗಿ ಕಪನೂರ ಇಂಡಸ್ಟ್ರಿಯಲ್ ಏರಿಯಾದಾಗ ನಂದೊಂದು ಸಣ್ಣ ಪ್ಲೇಟಿಂಗ್ ಶೆಡ್ ಅದ, ಕರೆಂಟ್ ಹಾಯಿಸಿ ಸಾಮಾನಿನ ಮ್ಯಾಲ ನಿಕಲ್ ಪದರ ಕೂಡಸ್ತೀವಿ. 200 ಲೀಟರ್ ನಿಕಲ್ ಟ್ಯಾಂಕ್, ಮಾಮೂಲಿ ವಾಟ್ಸ್ ಬಾತ್: ನಿಕಲ್ ಸಲ್ಫೇಟ್, ನಿಕಲ್ ಕ್ಲೋರೈಡ್, ಬೋರಿಕ್ ಆಸಿಡ್. ಪಿಎಚ್ 4.2, ಬಿಸಿ 55 ಡಿಗ್ರಿ.

ಹೋದ ವಾರ ನಾ ಊರಾಗ ಇರಲಿಲ್ಲ. ಹೊಳಪು ಕಡಿಮಿ ಆಗ್ಯಾದಂತ ಹುಡುಗ ಅಳತಿ ಇಲ್ದ ಬ್ರೈಟ್ನರ್ (ಹೊಳಪು ಕೊಡೋ ರಸಾಯನ) ಸುರದಾನ. ಈಗ ಬಾಗಿಲ ಹಿಡಿಕಿ ಕನ್ನಡಿಯಂಗ ಹೊಳೀತದ, ಖರೆ. ಆದ್ರ ತೆಳು ಪಟ್ಟಿಗಿ ಪ್ಲೇಟ್ ಮಾಡಿ ಇಕ್ಕಳದಾಗ ಹಿಡದು ಬಗ್ಗಿಸಿದ್ರ ಚಟ್ ಅಂತ ಸೀಳ್ತದ, ಉಳ್ಳಾಗಡ್ಡಿ ಸಿಪ್ಪಿಯಂಗ ಎದ್ದು ಬರ್ತದ. ಕರೆಂಟ್ ಕಡಿಮಿ ತಾಗೋ ಸಂದಿ ಎಲ್ಲಾ ಕಪ್ಪು.

ನನಗ ತಿಳದಷ್ಟು, ಬ್ರೈಟ್ನರ್‌ದಾಗಿನ ಸ್ಯಾಕರಿನ್ ನಿಕಲ್ ಕಣ ಸಣ್ಣ ಮಾಡಿ ಒಳಗಿನ ಬಿಗುವು ಇಳಸ್ತದ. (ಚಾಕ್ಕ ಹಾಕೋ ಸ್ಯಾಕರಿನ್ನೇ ಇದು ಅಂದ್ರ ಮನ್ಯಾಗ ಯಾರೂ ನಂಬಲಿಲ್ಲ.) ಅದರಾಗಿನ ಇನ್ನೊಂದು, ಬ್ಯೂಟೈನ್‌ಡಯೋಲ್, ಉಬ್ಬಿದ ಜಾಗಕ್ಕ ಹೆಚ್ಚು ಕುಂತು ಅಲ್ಲಿ ನಿಕಲ್ ಬೆಳ್ಯೋದು ತಡೀತದ, ಅದಕ್ಕ ಗೀರು ತುಂಬಿ ಸಪಾಟ ಆಗ್ತದ, ಹೆಚ್ಚಾದ್ರ ಪೆಡಸು. ಹಂಗಾಗಿ ಇದ್ರ ಮ್ಯಾಲೇ ನನ್ನ ಅನುಮಾನ.

ಹೆಚ್ಚಾದ ಬ್ರೈಟ್ನರ್ ತಗೀಲಾಕ ಹೈಡ್ರೋಜನ್ ಪೆರಾಕ್ಸೈಡ್ ಹಾಕಿ, ಬಿಸಿ ಮಾಡಿ, ಆಮ್ಯಾಲ ಆಕ್ಟಿವೇಟೆಡ್ ಕಾರ್ಬನ್‌ದಾಗ ಸೋಸಬೇಕಂತಾರ. ಲೀಟರ್‌ಗಿ ಎಷ್ಟು ಗ್ರಾಂ ಕಾರ್ಬನ್ ಹಾಕ್ತೀರಿ? ಕಾರ್ಬನ್ ವೆಟ್ಟಿಂಗ್ ಏಜೆಂಟನ್ನೂ ಎಳಕೊಂಡ್ರ ಹೈಡ್ರೋಜನ್ ಗುಳ್ಳಿ ಅಂಟಿ ಸೂಜಿ ತೂತು ಬೀಳ್ತಾವ, ಅದನ್ನ ಯಾವಾಗ ತಿರುಗಿ ಹಾಕ್ಲಿ? ಇಲ್ಲಾ ಅರ್ಧ ದ್ರಾವಣ ತಗದಿಟ್ಟು ಹೊಸದು ಕೂಡಿಸ್ಲ್ಯಾ?

ಕಲಬುರಗಿ, ಬೀದರ ಕಡಿ ಯಾರಾದ್ರೂ 267 ಎಂಎಲ್ ಹಲ್ ಸೆಲ್ (ಪ್ಲೇಟಿಂಗ್ ದ್ರಾವಣ ಪರೀಕ್ಷಾ ಮಾಡೋ ಸಣ್ಣ ತೊಟ್ಟಿ) ಇಟ್ಟಿದ್ರ ಹೇಳ್ರಿ, ಸ್ಯಾಂಪಲ್ ತಗೊಂಡು ನಾನೇ ಬರ್ತೀನಿ. ಸೋಮವಾರ 300 ಹಿಡಿಕಿ ಕೊಡೋದದ.