ಮೂರು ಸಾವಿರ ರೂಪಾಯಲ್ಲಿ ಮೊದಲ ಡಯೋರಾಮಾ: ಅಸಲ್ ಉತ್ತರ್‌ನ ಕೆಸರಲ್ಲಿ ಹೂತ ಪ್ಯಾಟನ್

ಹುಬ್ಬಳ್ಳಿಯಿಂದ ಕೇಳಿದ್ದು:

ನಮಸ್ಕಾರ್ರೀ ಎಲ್ಲಾರಿಗೂ. ಪ್ಲಾಸ್ಟಿಕ್ ಕಿಟ್ ಒಂದೆರಡು ಜೋಡಿಸೇನಿ, ಎರಡೂ ವಿಮಾನ. ಈಗ 1965ರ ಭಾರತ-ಪಾಕಿಸ್ತಾನ ಯುದ್ಧದಾಗಿನ ಅಸಲ್ ಉತ್ತರ್ ಕಾಳಗದ್ದು ಒಂದು ಸಣ್ಣ ಡಯೋರಾಮಾ, ಅಂದ್ರ ಮಾಡೆಲ್ ಇಟ್ಟು ಕಟ್ಟೋ ಪುಟ್ಟ ದೃಶ್ಯ, ಮಾಡಬೇಕಂತ ಭಾಳ ಆಸೆ ಐತಿ. ಕೈಯಾಗ ಇರೋದು ಮೂರು ಸಾವಿರ ರೂಪಾಯಿ, ಬಣ್ಣ ಸಿಂಪಡಿಸೋ ಏರ್‌ಬ್ರಷ್ ಇಲ್ಲ. ಯಾವ ಸ್ಕೇಲ್ ತಗೋಬೇಕು? ನೆಲ, ನೀರು, ಕಬ್ಬು ಹೆಂಗ ಮಾಡಬೇಕು? ಮಾಡಿದವರು ಯಾರಾದ್ರೂ ಇದ್ರ ಹೇಳ್ರಿ.

ಬೆಂಗಳೂರಿನಿಂದ:

ಒಳ್ಳೆ ವಿಷಯ ಆರಿಸಿದ್ದೀರಿ. ಕಡಿಮೆ ಖರ್ಚಿನ ಮೊದಲ ಡಯೋರಾಮಾಗೆ ಇಷ್ಟು ಹೊಂದುವ ಕಾಳಗ ಇನ್ನೊಂದಿಲ್ಲ ಅಂತಲೇ ನನ್ನ ಅಭಿಪ್ರಾಯ. ಕಾರಣ ಅಲ್ಲಿನ ನೆಲ. 1965ರ ಸೆಪ್ಟೆಂಬರ್ 8ರಿಂದ 10ರವರೆಗೆ ಪಂಜಾಬಿನ ಖೇಮ್‌ಕರಣ್ ಹತ್ತಿರ ಪಾಕಿಸ್ತಾನದ 1ನೇ ಆರ್ಮರ್ಡ್ ಡಿವಿಷನ್ ತನ್ನ ಅಮೆರಿಕದ ಪ್ಯಾಟನ್ ಟ್ಯಾಂಕ್‌ಗಳನ್ನು ನುಗ್ಗಿಸಿತು. ನಮ್ಮ 4ನೇ ಮೌಂಟನ್ ಡಿವಿಷನ್ ಅಸಲ್ ಉತ್ತರ್ ಹಳ್ಳಿಯ ಸುತ್ತ ಲಾಳದ ಆಕಾರದಲ್ಲಿ ಕಾದು ಕೂತಿತು, ಹೊಲಗಳಿಗೆ ನೀರು ಬಿಟ್ಟಿತು. ಎತ್ತರಕ್ಕೆ ಬೆಳೆದ ಕಬ್ಬು ನಮ್ಮವರನ್ನು ಮರೆಮಾಡಿತು. ಸುಮಾರು 45 ಟನ್ ತೂಕದ ಪ್ಯಾಟನ್‌ಗಳು ಆ ಕೆಸರಿನಲ್ಲಿ ಸಿಕ್ಕಿಬಿದ್ದವು. ಎಷ್ಟೋ ಟ್ಯಾಂಕ್‌ಗಳನ್ನು ಒಳಗಿದ್ದವರು ಹಾಗೇ ಬಿಟ್ಟು ಓಡಿದರು. ಯುದ್ಧ ಮುಗಿದ ಮೇಲೆ ಹಿಡಿದ ಟ್ಯಾಂಕ್‌ಗಳನ್ನು ಭಿಕ್ಕಿವಿಂಡ್ ಹತ್ತಿರ ಸಾಲಾಗಿ ನಿಲ್ಲಿಸಿದ್ದರು, ಆ ಜಾಗಕ್ಕೆ ಪ್ಯಾಟನ್ ನಗರ ಅಂತಲೇ ಹೆಸರು ಬಿತ್ತು.

ಇದನ್ನೆಲ್ಲ ಯಾಕೆ ಹೇಳಿದೆ ಅಂದರೆ, ನೀವು ಮಾಡಬೇಕಾದ ದೃಶ್ಯ ಇದರಲ್ಲೇ ಇದೆ: ಕೆಸರಲ್ಲಿ ಹೂತು, ಮುಚ್ಚಳ ತೆರೆದು ಬಿಟ್ಟುಹೋದ ಒಂದೇ ಒಂದು ಪ್ಯಾಟನ್. ಜನರ ಬೊಂಬೆ ಬೇಡ. ಮನೆ, ಗೋಡೆ ಬೇಡ. ಟ್ಯಾಂಕಿನ ಒಂದು ಪಕ್ಕ ಕಬ್ಬಿನ ಮರೆಯಲ್ಲಿರುತ್ತೆ, ಚಕ್ರಗಳು ಅರ್ಧ ಮಣ್ಣಲ್ಲಿರುತ್ತವೆ. ಹಾಗಾಗಿ ನಿಮ್ಮ ಶ್ರಮ ಬಹುಪಾಲು ನೆಲಕ್ಕೆ ಹೋಗುತ್ತೆ. ನೆಲಕ್ಕೆ ಬೇಕಾದ ಸಾಮಾನು ಹಾರ್ಡ್‌ವೇರ್ ಅಂಗಡಿಯಲ್ಲಿ ಮತ್ತು ಮನೆಯಲ್ಲಿ ಸಿಗುತ್ತೆ, ಹಾಬಿ ಅಂಗಡಿಯಲ್ಲಿ ಅಲ್ಲ.

ಸ್ಕೇಲ್ 1:72 ತಗೊಳ್ಳಿ, ಅಂದರೆ ಅಸಲಿಯ 72ನೇ ಒಂದು ಪಾಲಿನ ಅಳತೆ. 1:35ರಲ್ಲಿ ವಿವರ ಚೆನ್ನಾಗಿರುತ್ತೆ ನಿಜ, ಆದರೆ ತೋಪು ಮುಂದಕ್ಕೆ ಚಾಚಿದ ಪ್ಯಾಟನ್ ಆ ಸ್ಕೇಲಲ್ಲಿ 26 ಸೆಂಟಿಮೀಟರ್ ದಾಟುತ್ತೆ. ಅದಕ್ಕೆ ತಕ್ಕ ನೆಲ, ಅದರ ಮೇಲೆ ಒಂದೊಂದು ಎಂಟು ಸೆಂಟಿಮೀಟರ್ ಎತ್ತರದ ಕಬ್ಬಿನ ಹೊಲ ಅಂದರೆ ಮೂರು ಸಾವಿರಕ್ಕೆ ಮುಗಿಯೋದಿಲ್ಲ. 1:72ರಲ್ಲಿ ಅದೇ ಟ್ಯಾಂಕ್ ಸುಮಾರು 13 ಸೆಂಟಿಮೀಟರ್. ಆರು ಇಂಚು ಎಂಟು ಇಂಚಿನ ಹಳೇ ಫೋಟೋ ಫ್ರೇಮ್ ಒಂದಿದ್ದರೆ ಸಾಕು, ಗಾಜು ತೆಗೆದು ಹಿಂದಿನ ಹಲಗೆಯನ್ನೇ ತಳ ಮಾಡಿಕೊಳ್ಳಿ. ಅಸಲಿ ಲೆಕ್ಕದಲ್ಲಿ ಅದು ಸುಮಾರು 11 ಮೀಟರ್ ಅಗಲ, ಹದಿನಾಲ್ಕೂವರೆ ಮೀಟರ್ ಉದ್ದದ ಜಾಗ. ಹೊಲದ ಒಂದು ಮೂಲೆಗೆ ಧಾರಾಳವಾಯ್ತು. (1:35 ಅನ್ನೋ ವಿಚಿತ್ರ ಸಂಖ್ಯೆ ಬಂದದ್ದು ಜಪಾನಿನ ಟಮಿಯಾ ಕಂಪನಿಯ ಪ್ಯಾಂಥರ್ ಟ್ಯಾಂಕ್ ಕಿಟ್‌ನಿಂದ. 1960ರ ದಶಕದ ಆರಂಭದಲ್ಲಿ ಅವರು ಒಳಗೆ ಮೋಟರು, ಎರಡು ಬ್ಯಾಟರಿ ಹಿಡಿಸುವ ಹಾಗೆ ಅಳತೆ ಇಟ್ಟರು, ಆಮೇಲೆ ಜಗತ್ತೇ ಅದನ್ನು ಹಿಡಿದುಕೊಂಡಿತು.)

ದುಡ್ಡಿನ ವಿಷಯ. ಅರ್ಧಕ್ಕಿಂತ ಹೆಚ್ಚು ಕಿಟ್‌ಗೆ ಹೋಗುತ್ತೆ, ಹೋಗಲಿ. ಇನ್ನು ಮೂರು ಸಾಮಾನಿನಲ್ಲಿ ಚೌಕಾಸಿ ಮಾಡಬೇಡಿ: ಪ್ಲಾಸ್ಟಿಕ್ ಕಿಟ್‌ಗೇ ಅಂತ ಬರುವ ತೆಳು ಅಂಟು, ಒಂದು ಹರಿತವಾದ ಕಟರ್, ಒಂದು ಒಳ್ಳೆ ಸಣ್ಣ ಬ್ರಷ್. ಆ ತೆಳು ಅಂಟು ಪ್ಲಾಸ್ಟಿಕ್ಕನ್ನೇ ಕರಗಿಸಿ ಬೆಸೆಯುತ್ತೆ. ಫೆವಿಕ್ವಿಕ್ ಆ ಕೆಲಸ ಮಾಡೋದಿಲ್ಲ, ಮೇಲಾಗಿ ಕೀಲಿನ ಪಕ್ಕ ಬಿಳಿ ಮಸುಕು ಬಿಡುತ್ತೆ. ಮಿಕ್ಕಿದ್ದಕ್ಕೆಲ್ಲ ಬದಲಿ ಇದೆ. ಸಂದು ತುಂಬೋದಕ್ಕೆ ದುಬಾರಿ ಪುಟ್ಟಿ ಬೇಡ. ಭಾಗಗಳನ್ನು ಕತ್ತರಿಸಿ ತೆಗೆದ ಮೇಲೆ ಉಳಿಯುವ ಪ್ಲಾಸ್ಟಿಕ್ ಚೌಕಟ್ಟಿನ ಚೂರುಗಳನ್ನು ಅದೇ ಅಂಟಿನಲ್ಲಿ ಕರಗಿಸಿಟ್ಟರೆ ಸಂದಿಗೆ ಅದೇ ಪುಟ್ಟಿ. ಅದೇ ಚೌಕಟ್ಟಿನ ಕಡ್ಡಿಯನ್ನು ಮೇಣದಬತ್ತಿಯ ಶಾಖಕ್ಕೆ ಹಿಡಿದು, ಮೆತ್ತಗಾದ ಕೂಡಲೇ ಎರಡೂ ಕೈಯಲ್ಲಿ ಎಳೆದರೆ ಕೂದಲಿನಷ್ಟು ಸಣ್ಣ ಎಳೆ ಬರುತ್ತೆ. ರೇಡಿಯೋ ಆಂಟೆನಾಗೆ ಸರಿಹೋಗುತ್ತೆ. ಉಜ್ಜೋದಕ್ಕೆ ಹಾರ್ಡ್‌ವೇರ್ ಅಂಗಡಿಯ ವಾಟರ್ ಪೇಪರ್, 400 ಮತ್ತು 1000 ನಂಬರಿನದು.

ಈಗ ನೆಲ. ಇಲ್ಲಿ ಆತುರ ಬೇಡ. ಬಹಳ ಜನರ ಮೊದಲ ಡಯೋರಾಮಾದಲ್ಲಿ ಟ್ಯಾಂಕು ನೆಲದ ಮೇಲೆ ಇಟ್ಟ ಹಾಗೆ ಕಾಣುತ್ತೆ, ನೆಲದೊಳಗೆ ಕೂತ ಹಾಗೆ ಕಾಣೋದಿಲ್ಲ. ಬಣ್ಣ ಎಷ್ಟೇ ಚೆನ್ನಾಗಿರಲಿ, ಚಕ್ರದ ಕೆಳಗೆ ಒಂದು ಕೂದಲೆಳೆ ಬೆಳಕು ಹಾಯ್ದರೆ ತೂಕ ಹೋಯ್ತು. ಅದಕ್ಕೆ ಟ್ಯಾಂಕಿಗೆ ಬಣ್ಣ ಬಳಿಯೋ ಮೊದಲೇ ನೆಲ ಮಾಡಿ.

ಮೊದಲು ಹಲಗೆಯ ಎರಡೂ ಮೈಗೆ ವಾರ್ನಿಷ್ ಬಳಿದು ಒಣಗಿಸಿ. ಇಲ್ಲದಿದ್ದರೆ ಎಂಡಿಎಫ್ (ಮರದ ನಾರು ಒತ್ತಿ ಮಾಡಿದ) ಹಲಗೆ ನೀರು ಕುಡಿದು ಬಾಗುತ್ತೆ. ನೆಲಕ್ಕೆ ಪ್ಲಾಸ್ಟರ್ ಆಫ್ ಪ್ಯಾರಿಸ್‌ಗಿಂತ ಗೋಡೆಗೆ ಹಚ್ಚುವ ವಾಲ್ ಪುಟ್ಟಿ ವಾಸಿ. ಪ್ಲಾಸ್ಟರ್ ನೋಡನೋಡುತ್ತಲೇ ಗಟ್ಟಿಯಾಗುತ್ತೆ, ಪುಟ್ಟಿ ಕೈಗೆ ಸಮಯ ಕೊಡುತ್ತೆ. ಪುಟ್ಟಿ, ಸ್ವಲ್ಪ ಫೆವಿಕಾಲ್, ಜರಡಿ ಹಿಡಿದ ಮಣ್ಣು, ಕಂದು ಪೋಸ್ಟರ್ ಬಣ್ಣ ಸೇರಿಸಿ ಚಪಾತಿ ಹಿಟ್ಟಿಗಿಂತ ಮೆತ್ತಗೆ ಕಲಸಿ. ಬಣ್ಣ ಹಿಟ್ಟಿನಲ್ಲೇ ಇದ್ದರೆ ಮುಂದೆ ಎಲ್ಲಾದರೂ ಚಕ್ಕೆ ಎದ್ದರೂ ಬಿಳುಪು ಕಾಣೋದಿಲ್ಲ. ಪ್ಯಾಟನ್ನಿನ ಹೊಟ್ಟೆಗೂ ನೆಲಕ್ಕೂ ಇರುವ ಅಂತರ 1:72ರಲ್ಲಿ ಐದಾರು ಮಿಲಿಮೀಟರ್. ಹೊಟ್ಟೆ ನೆಲಕ್ಕೆ ತಾಗಬೇಕಾದರೆ ಆ ಜಾಗದಲ್ಲಿ ಪುಟ್ಟಿ ಹತ್ತು ಮಿಲಿಮೀಟರ್ ದಪ್ಪ ಇರಬೇಕು. ಟ್ಯಾಂಕನ್ನು ಫ್ರೇಮಿನ ಅಂಚಿಗೆ ಸಮಾನಾಂತರ ಇಡಬೇಡಿ, ಓರೆಯಾಗಿ ಕರ್ಣದ ಮೇಲೆ ಇಡಿ. ಒಂದು ಪಕ್ಕ ಇನ್ನೊಂದಕ್ಕಿಂತ ಎರಡು ಮಿಲಿಮೀಟರ್ ಹೆಚ್ಚು ಇಳಿಯಲಿ.

ಟ್ರ್ಯಾಕ್ (ಚಕ್ರಗಳನ್ನು ಸುತ್ತುವರಿದ ಸರಪಳಿ ಪಟ್ಟಿ) ಜೋಡಿಸಿದ, ಬಣ್ಣ ಹಚ್ಚದ ಟ್ಯಾಂಕಿನ ತಳಕ್ಕೆ ಕೊಬ್ಬರಿ ಎಣ್ಣೆ ತೆಳ್ಳಗೆ ಸವರಿ, ಹಸಿ ಪುಟ್ಟಿಯ ಮೇಲಿಟ್ಟು ಹಿಂದಿನಿಂದ ಮುಂದಕ್ಕೆ ಮೆಲ್ಲಗೆ ಒತ್ತುತ್ತ ತಳ್ಳಿ. ಮೂತಿಯ ಮುಂದೆ ಮಣ್ಣು ತಾನಾಗಿ ಗುಡ್ಡೆ ಕಟ್ಟುತ್ತೆ, ಟ್ರ್ಯಾಕಿನ ಪಕ್ಕ ಉಬ್ಬಿ ಬರುತ್ತೆ. ಅದನ್ನು ಅಳಿಸಬೇಡಿ, ಅಸಲಿ ಕೆಸರು ಹಾಗೇ ಇರುತ್ತೆ. ಹಿಂದೆ ಎರಡು ಗಾಡಿಜಾಡು ಉಳಿಯಬೇಕು, ಒಂದೊಂದು ಒಂದು ಸೆಂಟಿಮೀಟರ್ ಅಗಲ. ಸಿಕ್ಕಿಬಿದ್ದ ಟ್ಯಾಂಕು ಒಂದೇ ಕಡೆ ತಿರುಗಲು ಒದ್ದಾಡಿರುತ್ತೆ, ಹಾಗಾಗಿ ಕೊನೆಯಲ್ಲಿ ಒಂದು ಜಾಡನ್ನು ಸ್ವಲ್ಪ ಕಲಕಿ. ಪುಟ್ಟಿ ಅರೆಗಟ್ಟಿಯಾದಾಗ ಟ್ಯಾಂಕ್ ಎತ್ತಿ, ಪಾತ್ರೆ ತೊಳೆಯುವ ಸೋಪಿನಲ್ಲಿ ಎಣ್ಣೆ ಪೂರ್ತಿ ಹೋಗುವಷ್ಟು ತೊಳೆಯಿರಿ. ಎಣ್ಣೆ ಉಳಿದರೆ ಬಣ್ಣ ಹಿಡಿಯೋದಿಲ್ಲ. ಈಗ ಟ್ಯಾಂಕಿಗೆ ಅದರದ್ದೇ ಅಚ್ಚು ಕಾದಿದೆ. ಬಣ್ಣ ಮುಗಿದ ಮೇಲೆ ಅದೇ ಹಿಟ್ಟನ್ನು ತೆಳ್ಳಗೆ ಮಾಡಿ ಅಚ್ಚಿಗೆ ಸವರಿ ಕೂರಿಸಿ, ಸಂದೆಲ್ಲ ಮುಚ್ಚುತ್ತೆ.

ನೀರಿಗೆ ರೆಸಿನ್ (ಸುರಿದ ಮೇಲೆ ಗಾಜಿನ ಹಾಗೆ ಗಟ್ಟಿಯಾಗುವ ದ್ರವ) ಕೊಳ್ಳಬೇಡಿ. ಆ ಹೊಲಗಳಲ್ಲಿ ಆಳದ ನೀರು ಬೇಕಿಲ್ಲ, ಗೇಣುದ್ದದ ನೀರು ಅಂದರೂ ನಿಮ್ಮ ಸ್ಕೇಲಲ್ಲಿ ಎರಡು ಮೂರು ಮಿಲಿಮೀಟರ್. ಗುಂಡಿಗಳಿಗೂ ಜಾಡುಗಳಿಗೂ ಕಡುಕಂದು ಬಳಿದು, ಹೊಳಪಿನ (ಗ್ಲಾಸಿ) ವಾರ್ನಿಷ್ ಒಂದೊಂದೇ ಪದರ ಹಾಕಿ, ಒಂದು ಒಣಗಿದ ಮೇಲೆ ಇನ್ನೊಂದು. ಮೊದಲ ಪದರಗಳಿಗೆ ಒಂದು ಹನಿ ಕಂದು ಬಣ್ಣ ಬೆರೆಸಿದರೆ ಕಲಕಿದ ನೀರಿನ ಹಾಗೆ ಕಾಣುತ್ತೆ. ನೀಲಿ ಖಂಡಿತ ಬೇಡ. ಫೆವಿಕಾಲ್‌ನಲ್ಲಿ ನೀರು ಮಾಡುವವರಿದ್ದಾರೆ, ಮಳೆಗಾಲದ ತೇವಕ್ಕೆ ಅದು ಮತ್ತೆ ಬೆಳ್ಳಗಾಗುತ್ತೆ.

ಬಣ್ಣಕ್ಕೆ ಏರ್‌ಬ್ರಷ್ ಇಲ್ಲ ಅಂತ ಕೊರಗಬೇಡಿ. ಬಣ್ಣ ಹಿಡಿಯಲಿ ಅಂತ ಮೊದಲು ಹೊಡೆಯುವ ಬೂದು ಪ್ರೈಮರ್ ಸ್ಪ್ರೇ ಡಬ್ಬಿ ತಂದು, ಮೊದಲು ಉಳಿದ ಪ್ಲಾಸ್ಟಿಕ್ ಚೂರಿನ ಮೇಲೆ ನೋಡಿ, ಬಯಲಲ್ಲಿ ನಿಂತು ದೂರದಿಂದ ತೆಳುವಾಗಿ ಹೊಡೆಯಿರಿ. ಅದರ ಮೇಲೆ ಸ್ಟೇಷನರಿ ಅಂಗಡಿಯ ಅಕ್ರಿಲಿಕ್ ಸಾಕು. ಆಲಿವ್ ಹಸಿರಿಗೆ ಸ್ವಲ್ಪ ಕಂದು, ಚೂರು ಬಿಳಿ ಸೇರಿಸಿ. ಅಸಲಿ ಬಣ್ಣವನ್ನೇ ಹಚ್ಚಿದರೆ ಸಣ್ಣ ಮಾಡೆಲ್ ಕಪ್ಪಾಗಿ ಕಾಣುತ್ತೆ. ಹಾಲಿನಷ್ಟು ತೆಳುವಾಗಿ ಮೂರು ನಾಲ್ಕು ಸಲ. ಆಮೇಲೆ ವಾರ್ನಿಷ್, ಅದರ ಮೇಲೆ ಬರ್ನ್ಟ್ ಅಂಬರ್ (ಕಡುಕಂದು) ಆಯಿಲ್ ಕಲರನ್ನು ಟರ್ಪೆಂಟೈನ್‌ನಲ್ಲಿ ನೀರು ಮಾಡಿ ಸಂದುಗಳಿಗೆ ಬಿಡಿ. ಕೊನೆಗೆ ಪಾತ್ರೆ ಉಜ್ಜುವ ಸ್ಪಂಜಿನ ಚೂರಿನಿಂದ ಅಂಚುಗಳಿಗೆ ಮಾತ್ರ ಕಡುಕಂದು ಒತ್ತಿ.

ಮಂಡ್ಯದಿಂದ:

ಕಬ್ಬಿನ ಬಗ್ಗೆ ನಾನು ಹೇಳ್ತೀನಿ, ನಮ್ಮದು ಕಬ್ಬಿನ ಹೊಲವೇ. ಕಳೆದ ವರ್ಷ ತಮ್ಮನ ಮಗನಿಗೆ ಶಾಲೆಯ ಪ್ರದರ್ಶನಕ್ಕೆ ಇದೇ ಸ್ಕೇಲಲ್ಲಿ ಒಂದು ಗದ್ದೆ ಮಾಡಿಕೊಟ್ಟಿದ್ದೆ.

ಸೆಪ್ಟೆಂಬರಿನ ಬೆಳೆ ಅಂದರೆ ಇನ್ನೂ ಹಸಿರು, ಸೂಲಂಗಿ ಬಂದಿರೋದಿಲ್ಲ. ಹಾಗಾಗಿ ತುದಿಗೆ ಬಿಳಿ ಹೂ ಅಂಟಿಸಬೇಡಿ, ನೋಡಲು ಚೆನ್ನಾಗಿದ್ದರೂ ತಪ್ಪು. ಎರಡೂವರೆ ಮೀಟರ್ ಬೆಳೆ ಅಂದರೆ 1:72ರಲ್ಲಿ ಮೂರೂವರೆ ಸೆಂಟಿಮೀಟರ್. ಜಲ್ಲೆಗೆ ಹುಲ್ಲುಪೊರಕೆಯ ಸಣ್ಣ ಕಡ್ಡಿ. ಗರಿಗೆ ತೆಳು ಕಾಗದದ ಎರಡೂ ಮೈಗೆ ಹಸಿರು ಬಳಿದು, ಒಣಗಿದ ಮೇಲೆ ಅರ್ಧ ಮಿಲಿಮೀಟರ್ ಅಗಲದ ಚೂಪು ಪಟ್ಟಿಗಳಾಗಿ ಕತ್ತರಿಸಿ. ಪ್ರತಿ ಗರಿಯನ್ನೂ ಉಗುರಿನ ಮೇಲೆ ಎಳೆದು ಬಾಗಿಸಿ, ಕಬ್ಬಿನ ಗರಿ ನೆಟ್ಟಗೆ ನಿಲ್ಲೋದಿಲ್ಲ, ನಡುವಿನಿಂದ ಆಚೆ ಜೋಲುತ್ತೆ. ಗರಿ ಎಲ್ಲ ಮೇಲ್ಭಾಗದಲ್ಲಿ, ಕೆಳಗೆ ಒಣಗಿದ ರವದಿ. ಈ ರವದಿ ಮರೆಯಬೇಡಿ. ಬುಡದಲ್ಲಿ ಹುಲ್ಲಿನ ಬಣ್ಣದ ಒಣ ಗರಿ ಇಲ್ಲದಿದ್ದರೆ ಅದು ಜೋಳದ ಹೊಲವೋ ಕಬ್ಬಿನ ಹೊಲವೋ ಗೊತ್ತಾಗೋದಿಲ್ಲ. ತೆಂಗಿನ ನಾರನ್ನು ಸಣ್ಣಗೆ ಕತ್ತರಿಸಿ ಉದುರಿಸಿದರೆ ರವದಿಯಾಗುತ್ತೆ.

ಕಬ್ಬು ಒಂಟಿಯಾಗಿ ಬೆಳೆಯೋದಿಲ್ಲ, ಒಂದು ಬುಡದಲ್ಲಿ ಐದಾರು ಜಲ್ಲೆ. ಸಾಲಿನಿಂದ ಸಾಲಿಗೆ ಅಂತರ ಇರುತ್ತೆ, ಸಾಲು ನೇರ ಇರುತ್ತೆ. ಟ್ಯಾಂಕು ನುಗ್ಗಿದ ದಾರಿಯಲ್ಲಿ ಮಾತ್ರ ಜಲ್ಲೆಗಳು ಅದು ಹೋದ ದಿಕ್ಕಿಗೇ ಮಲಗಿರಬೇಕು, ಟ್ರ್ಯಾಕಿನ ಕೆಳಗೆ ಸಿಕ್ಕಿದ್ದು ಜಜ್ಜಿ ಚಪ್ಪಟೆಯಾಗಿರಬೇಕು. ನಮ್ಮ ಹೊಲಕ್ಕೆ ಟ್ರ್ಯಾಕ್ಟರ್ ಹೊಕ್ಕಾಗ ನೋಡಿದ್ದೀನಿ, ಜಜ್ಜಿದ ಜಲ್ಲೆಯ ಒಳಗು ಬೆಳ್ಳಗೆ ಎದ್ದು ಕಾಣುತ್ತೆ. ಅಲ್ಲಿ ಎರಡು ಮೂರು ಕಡೆ ತುಂಬಾ ತಿಳಿ ಹಳದಿ ಮುಟ್ಟಿಸಿ. ಈ ಕೆಲಸಕ್ಕೆ ದುಡ್ಡು ಬೇಡ, ತಾಳ್ಮೆ ಬೇಕು. ಮನೆಯವರನ್ನೂ ಕೂರಿಸಿಕೊಂಡು ಗರಿ ಕತ್ತರಿಸಿ.

ಬೆಳಗಾವಿಯಿಂದ:

ನಾ ಸೈನ್ಯದಾಗ ಇದ್ದು ಬಂದಾಂವ. ತಮ್ಮಾ, ಟ್ಯಾಂಕ್ ಕಿಟ್ಟಿಗೂ ರೊಕ್ಕ ಸಾಲದಿದ್ದರ ಜೀಪ್ ಮಾಡು. ಅಸಲ್ ಉತ್ತರ್ ಅಂದ್ರ 4ನೇ ಗ್ರೆನೇಡಿಯರ್ಸ್‌ನ ಅಬ್ದುಲ್ ಹಮೀದ್ ಅವರ ಹೆಸರು ಮೊದಲು ಬರಬೇಕು. ಜೀಪಿನ ಮ್ಯಾಲಿನ 106 ಎಂಎಂ ರಿಕಾಯಿಲ್‌ಲೆಸ್ (ಹೊಡೆದಾಗ ಹಿಂದಕ್ಕ ಒದೆಯದ) ತೋಪಿನಿಂದ ಪ್ಯಾಟನ್ ಹೊಡೆದು ಸೆಪ್ಟೆಂಬರ್ 10ಕ್ಕ ವೀರಮರಣ ಹೊಂದಿದರು, ಪರಮವೀರ ಚಕ್ರ ಬಂತು. ಆ ತೋಪಿನ ಉದ್ದ 3.4 ಮೀಟರ್. 1:35ರಾಗ ಹತ್ತು ಸೆಂಟಿಮೀಟರಿಗೆ ಚೂರು ಕಮ್ಮಿ, ಮತ್ತ ಖಾಲಿ ಬಾಲ್‌ಪೆನ್ ರಿಫಿಲ್ಲಿನ ದಪ್ಪ ಅದಕ್ಕ ಹತ್ತತ್ರ ಹೊಂದತದ. ಜೀಪು ಆ ಸ್ಕೇಲಿನಾಗೂ ಒಂಬತ್ತೂವರೆ ಸೆಂಟಿಮೀಟರೇ. ಅದೇ ಫ್ರೇಮಿನಾಗ ಕೂರತದ.

ಒಂದು ಮಾತು. ಹೆಣ, ರಕ್ತ ತೋರಿಸಬ್ಯಾಡ. ಅವರ ಕಡೆಯವರದ್ದಾದ್ರೂ ಸೈ, ನಮ್ಮವರದ್ದಾದ್ರೂ ಸೈ.

ಪ್ಯಾಟನ್ ಕಣ್ಣಾರೆ ನೋಡಬೇಕಂದ್ರ ಮಹಾರಾಷ್ಟ್ರದ ಅಹಮದ್‌ನಗರದಾಗ, ಈಗ ಅಹಿಲ್ಯಾನಗರ ಅಂತಾರ, ಕ್ಯಾವಲ್ರಿ ಟ್ಯಾಂಕ್ ಮ್ಯೂಸಿಯಂ ಅದ. ಸುತ್ತೂ ಅಡ್ಡಾಡಿ ಧೂಳು ಎಲ್ಲಿ ಕೂತದ, ಬಣ್ಣ ಎಲ್ಲಿ ಸವೆದದ ಅಂತ ಫೋಟೋ ತಕ್ಕೊಂಡು ಬಾ. ಮುಚ್ಚಳದ ಸುತ್ತ, ಹತ್ತೋ ಜಾಗದಾಗ ಸವೆತ ಇರತದ. ಎಲ್ಲಾ ಕಡೆ ತುಕ್ಕು ಬಳದ್ರ ಅದು ಗುಜರಿ ಟ್ಯಾಂಕ್ ಆಗತದ, ಯುದ್ಧದ ಟ್ಯಾಂಕ್ ಅಲ್ಲ.

ಹುಬ್ಬಳ್ಳಿಯಿಂದ ಮತ್ತೆ:

ಎಲ್ಲಾರಿಗೂ ಭಾಳ ಉಪಕಾರ ಆತ್ರೀ. ಪ್ಯಾಟನ್ನೇ ಮಾಡ್ತೇನಿ. ಒಂದೇ ಸಂಶಯ: ಮಣ್ಣಿಗೆ ಚಹಾಪುಡಿ ಚರಟ ಹಾಕಬಹುದು ಅಂತ ಕೇಳೇನಿ, ಮತ್ತ ತಳಕ್ಕ ಥರ್ಮಾಕೋಲ್ ಹಾಕಿದ್ರ ಹಗುರ ಆಗತದಲ್ಲ?

ಬೆಂಗಳೂರಿನಿಂದ:

ಚರಟ ಹಾಕಬಹುದು, ಹೊಲದ ಹೆಂಟೆಗೆ ಚೆನ್ನಾಗಿ ಹೊಂದುತ್ತೆ. ಆದರೆ ಹಾಲು ಹಾಕಿ ಕುದಿಸಿದ ಚರಟ ಬೇಡ, ಬರೀ ನೀರಲ್ಲಿ ಕುದಿಸಿದ್ದನ್ನು ಎರಡು ಸಲ ತೊಳೆದು, ಬಾಣಲೆಯಲ್ಲಿ ಸಣ್ಣ ಉರಿಯಲ್ಲಿ ಗರಿಗರಿ ಆಗುವವರೆಗೆ ಹುರಿಯಿರಿ. ಹಸಿ ಉಳಿದರೆ ಬೂಷ್ಟು ಬರುತ್ತೆ. ಹೊಲದ ಮಣ್ಣನ್ನೂ ಹಾಗೇ ಹುರಿದು ಜರಡಿ ಹಿಡಿಯಿರಿ, ಅದರಲ್ಲಿ ಹುಳದ ಮೊಟ್ಟೆ ಇರುತ್ತೆ.

ಥರ್ಮಾಕೋಲ್ ಪುಟ್ಟಿಯ ಕೆಳಗೆ ಪೂರ್ತಿ ಮುಚ್ಚಿಹೋಗುವ ಹಾಗಿದ್ದರೆ ಸರಿ, ಫೆವಿಕಾಲ್‌ನಲ್ಲಿ ಅಂಟಿಸಿ. ಸ್ಪ್ರೇ ಪ್ರೈಮರ್, ಥಿನ್ನರ್, ಫೆವಿಕ್ವಿಕ್ ತಾಗಿದರೆ ಕರಗಿ ಗುಂಡಿ ಬೀಳುತ್ತೆ. ಟ್ಯಾಂಕಿಗೆ ಸ್ಪ್ರೇ ಹೊಡೆಯುವಾಗ ತಳವನ್ನು ಬೇರೆ ಕೋಣೆಯಲ್ಲಿಡಿ. ಕಿಟ್ ಬಂದ ದಿನ ಪೆಟ್ಟಿಗೆ ತೆರೆದು ಭಾಗಗಳನ್ನು ಕೈಪಿಡಿಯ ಪಟ್ಟಿಗೆ ತಾಳೆ ನೋಡಿ, ಕಮ್ಮಿ ಬಿದ್ದಿದ್ದರೆ ಕತ್ತರಿಸುವ ಮೊದಲೇ ಅಂಗಡಿಯವರಿಗೆ ಹೇಳಿ. ಪುಟ್ಟಿಗೆ ಒತ್ತುವ ಹಂತಕ್ಕೆ ಬಂದಾಗ ಒಂದು ಫೋಟೋ ಹಾಕಿ, ಓರೆ ಎಷ್ಟು ಬೇಕು ಅಂತ ಒಟ್ಟಿಗೆ ನೋಡೋಣ.